ಗರಗಸಕ್ಕೆ ರೆಕ್ಕೆ ಕಟ್ಟಿದವರನ್ನು ಜುಗಾಡಿನವರು ಎನ್ನಬೇಡಿ

ಹೋದ ಮಳೆಗಾಲದಲ್ಲಿ ನನಗೊಂದು ಕೈಪಿಡಿ ಅನುವಾದಕ್ಕೆ ಬಂತು. ಮರ ಕೊಯ್ಯುವ ಪೆಟ್ರೋಲ್ ಗರಗಸದ್ದು, ಅಂದರೆ ಚೈನ್ ಸಾ. ಇಂಗ್ಲಿಷಿನಲ್ಲಿ ನಲವತ್ತೆಂಟು ಪುಟ. ನಾನು ಪುಣೆಯ ಫ್ಲ್ಯಾಟಿನಲ್ಲಿ ಕೂತು ಅನುವಾದ ಮಾಡುವವಳು. ಚೈನ್ ಸಾ ಸದ್ದು ಕೇಳಿರುವುದು ರಜೆಗೆ ಊರಿಗೆ ಹೋದಾಗ ತೋಟದ ಆಚೆ ಬದಿಯಿಂದ ಮಾತ್ರ. ಹಾಗಾಗಿ ಕೊಪ್ಪದ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ ಒಂದೊಂದೇ ಪದ ಕೇಳಿದೆ. ಚೋಕ್‌ಗೆ ನಿಮ್ಮ ಕಡೆ ಏನಂತಾರೆ? “ಚೋಕ್‌ಗೆ ಚೋಕ್ ಅಂತಾರೆ ಮಾರಾಯ್ತಿ, ಇನ್ನೇನು ಅನ್ನೋದು?” ಕ್ಲಚ್? ಕ್ಲಚ್ಚೇ. ಕಾರ್ಬ್ಯುರೇಟರ್? “ಕಾರ್ಬೇಟ್ರು.” ಒಂದೇ ಒಂದು ಕಡೆ ಅವನು ಕನ್ನಡ ಕೊಟ್ಟ. ಗರಗಸದ ಮೂತಿ ಎಲ್ಲಿಗಾದರೂ ತಾಗಿ ಇಡೀ ಯಂತ್ರ ಮೇಲಕ್ಕೆ ಹಾರಿ ಕೊಯ್ಯುವವನ ಮುಖದ ಕಡೆಗೇ ಬರುತ್ತದಲ್ಲ, ಅದಕ್ಕೆ ಕೈಪಿಡಿಯಲ್ಲಿ ಕಿಕ್‌ಬ್ಯಾಕ್ ಎಂದಿತ್ತು. “ಅದಕ್ಕೆ ಮಿಷನ್ ಒದೀತು ಅಂತಾರೆ” ಅಂದ. ಎಮ್ಮೆ ಒದ್ದ ಹಾಗೆ. ನಾನು ಅದನ್ನೇ ಇಟ್ಟುಕೊಂಡೆ.

ಆ ಕೆಲಸ ಕೊನೆಗೆ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದರ ನಡುವೆ ನಮ್ಮ ಸೊಸೈಟಿಯ ಮೂರನೇ ಮಹಡಿಯ ಕಾಕಾ ಲಿಫ್ಟಿನಲ್ಲಿ ಸಿಕ್ಕರು. ಭೋಸರಿಯ ಒಂದು ಮಷಿನ್ ಶಾಪಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಚೈನ್ ಸಾ ವಿಷಯ ಕೇಳಿದ್ದೇ ತಡ, ಮನೆಗೆ ಕರೆದುಕೊಂಡು ಹೋಗಿ ಬಾಲ್ಕನಿಯ ಕಪಾಟಿನಿಂದ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಒಂದು ಎಂಜಿನ್ ತೆಗೆದು ಮೇಜಿನ ಮೇಲಿಟ್ಟರು. ಜುನಾ ಬಜಾರಿನಲ್ಲಿ ಸಿಕ್ಕ ಐವತ್ತು ಸಿಸಿಯ ಗರಗಸವಂತೆ. ಈಗ ಅದಕ್ಕೆ ಹಿಡಿಯಿಲ್ಲ, ಸರಪಣಿಯಿಲ್ಲ, ಹೊದಿಕೆಯಿಲ್ಲ. ಮುಂದುಗಡೆ ಲೇತ್‌ನಲ್ಲಿ ಕಡೆದ ಅಲ್ಯೂಮಿನಿಯಂ ಗುಂಭ, ಅದರ ಮೇಲೆ ಮರದ ಪ್ರೊಪೆಲ್ಲರ್. ಕಾಲೇಜಿನಲ್ಲಿ ಎನ್‌ಸಿಸಿಯ ಏರ್ ವಿಂಗ್‌ನಲ್ಲಿದ್ದಾಗ ಹಿಡಿದ ಮಾಡೆಲ್ ವಿಮಾನದ ಹುಚ್ಚು ಅವರನ್ನು ಇಲ್ಲಿಯವರೆಗೆ ತಂದಿತ್ತು. ನಾನು ಮೆಚ್ಚುಗೆಯಿಂದಲೇ ಹೇಳಿದೆ: ಎಂಥಾ ಜುಗಾಡ್ ಕಾಕಾ!

ಅವರ ಮುಖ ಸಣ್ಣಗಾಯಿತು. ಜುಗಾಡ್ ಅಂದರೆ ಹೇಗೋ ಒಂದು ನಡೆಯಿತು ಅಂತ. ಇದರಲ್ಲಿ ‘ಹೇಗೋ’ ಎಲ್ಲಿದೆ ತೋರಿಸು ನೋಡೋಣ, ಅಂದರು.

ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹಲವು ಸಂಜೆ ಅವರ ಜೊತೆ ಆ ಎಂಜಿನ್ನಿನ ಮುಂದೆ ಕೂತು, ಸಿಕ್ಕಿದ್ದನ್ನೆಲ್ಲ ಓದಿ, ಈಗ ಅವರ ಪಕ್ಷಕ್ಕೆ ಸೇರಿದ್ದೇನೆ. ಇದ್ದ ಯಂತ್ರವನ್ನು ಬೇರೆ ಕೆಲಸಕ್ಕೆ ತಿರುಗಿಸುವುದನ್ನೆಲ್ಲ ಜುಗಾಡ್ ಎಂದು ಕರೆದು ಬೆನ್ನು ತಟ್ಟುವ ನಮ್ಮ ಅಭ್ಯಾಸ ಕೆಟ್ಟದ್ದು. ತಿಳಿದು ಮಾಡಿದವರಿಗೆ ಅದು ಅವಮಾನ, ತಿಳಿಯದೆ ಮಾಡುವವರಿಗೆ ಪರವಾನಗಿ. ಗರಗಸದ ಎಂಜಿನ್ನನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಸ್ವಲ್ಪ ಗ್ರೀಸ್ ಕೈಗೆ ಅಂಟೀತು, ಸಹಿಸಿಕೊಳ್ಳಿ.

ಮೊದಲು, ಗರಗಸವೇ ಯಾಕೆ? 1970ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳಿಗೆ ದೊಡ್ಡ ಮಾಡೆಲ್‌ಗಳ ಆಸೆ ಹತ್ತಿತು. ನಿಜವಾದ ವಿಮಾನದ ಕಾಲು ಅಳತೆಯವು. ಪೈಪರ್ ಕಬ್ ಎಂಬ ಹಳದಿ ಬಣ್ಣದ ಸಣ್ಣ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 35 ಅಡಿ ಇದೆ. ಅದರ ಕಾಲು ಅಳತೆ ಎಂದರೆ ಎಂಟೂಮುಕ್ಕಾಲು ಅಡಿ, ನಮ್ಮ ಹಾಲ್‌ನಲ್ಲಿ ಅಡ್ಡ ಇಟ್ಟರೆ ಸೋಫಾ ಹೊರಗೆ ಹೋಗಬೇಕು. 1980ರಲ್ಲಿ ಇಂಥವರೇ ಸೇರಿ ಕಟ್ಟಿದ ಅಂತರರಾಷ್ಟ್ರೀಯ ಸಂಘವೊಂದು ಒಂಟಿ ರೆಕ್ಕೆಯದ್ದಕ್ಕೆ ಕನಿಷ್ಠ 80 ಅಂಗುಲ, ಜೋಡಿ ರೆಕ್ಕೆಯದ್ದಕ್ಕೆ 60 ಅಂಗುಲ ಎಂದು ಗೆರೆ ಎಳೆಯಿತು. ಅಲ್ಲಿಯವರೆಗೆ ಮಾಡೆಲ್ ವಿಮಾನಗಳಲ್ಲಿ ಇರುತ್ತಿದ್ದದ್ದು ಹತ್ತು ಸಿಸಿ ಆಸುಪಾಸಿನ ಎಂಜಿನ್ನು. ಮೆಥನಾಲ್, ನೈಟ್ರೋಮೀಥೇನ್, ಹರಳೆಣ್ಣೆ ಬೆರೆಸಿದ ದುಬಾರಿ ಇಂಧನವನ್ನು ಗಟಗಟ ಕುಡಿಯುವಂಥದ್ದು. ಎಂಟಡಿಯ ರೆಕ್ಕೆಗೆ ಅದು ಸಾಲದು. ಅದೇ ಹೊತ್ತಿಗೆ ಯಾವ ಊರಿನ ಕೃಷಿ ಸಲಕರಣೆ ಅಂಗಡಿಗೆ ಹೋದರೂ ಮೂವತ್ತರಿಂದ ಅರವತ್ತು ಸಿಸಿಯ, ಹಗುರವಾದ, ಪೆಟ್ರೋಲಿಗೆ ಚೂರು ಆಯಿಲ್ ಬೆರೆಸಿದರೆ ಓಡುವ ಎಂಜಿನ್ ಸಿಗುತ್ತಿತ್ತು.

ಆದರೆ ಅಗ್ಗ, ಹಗುರ ಎಂಬುದಕ್ಕಿಂತ ದೊಡ್ಡ ಕಾರಣ ಕಾರ್ಬ್ಯುರೇಟರಿನಲ್ಲಿದೆ. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಹಳೆಯ ಬೈಕಿನ ಕಾರ್ಬ್ಯುರೇಟರಿನೊಳಗೆ ಒಂದು ಪುಟ್ಟ ತೊಟ್ಟಿ, ಅದರಲ್ಲಿ ತೇಲುವ ಬೆಂಡು. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡು ಮೇಲೇರಿ ನಲ್ಲಿ ಮುಚ್ಚುತ್ತದಲ್ಲ, ಅದೇ ತಂತ್ರ. ಟ್ಯಾಂಕನ್ನು ಅಡ್ಡ ಮಲಗಿಸಿದರೆ ಏನಾಗುತ್ತದೋ ಬೈಕ್ ಬಿದ್ದಾಗಲೂ ಅದೇ ಆಗುತ್ತದೆ. ಈಗ ಮರ ಕೊಯ್ಯುವವನನ್ನು ನೆನೆಯಿರಿ. ನೆಲಕ್ಕೆ ಬಿದ್ದ ದಿಮ್ಮಿಯನ್ನು ತುಂಡರಿಸುವಾಗ ಗರಗಸ ನೆಟ್ಟಗಿರುತ್ತದೆ. ನಿಂತ ಮರವನ್ನು ಬುಡದಲ್ಲಿ ಕೊಯ್ಯುವಾಗ ಅದನ್ನು ಪೂರ್ತಿ ಅಡ್ಡ ಮಲಗಿಸಬೇಕು. ಆರಂಭದ ಗರಗಸಗಳಲ್ಲಿ ಬೆಂಡಿನ ಕಾರ್ಬ್ಯುರೇಟರೇ ಇತ್ತು. ಹಾಗಾಗಿ ಎಂಜಿನ್ನನ್ನು ನೆಟ್ಟಗೇ ಇಟ್ಟು ಅಲಗನ್ನು ಮಾತ್ರ ತಿರುಗಿಸುವ ಏರ್ಪಾಡು ಮಾಡಿಕೊಳ್ಳಬೇಕಿತ್ತು. ಈ ರಗಳೆಯಿಂದ ಬಿಡಿಸಿದ್ದು ಡಯಾಫ್ರಾಮ್ ಕಾರ್ಬ್ಯುರೇಟರ್. ತೊಟ್ಟಿಯಿಲ್ಲ, ಬೆಂಡಿಲ್ಲ. ಎರಡು ತೆಳು ಪೊರೆಗಳು, ಅಷ್ಟೇ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಕ್ರ್ಯಾಂಕ್‌ಕೇಸಿನೊಳಗೆ ಏಳುವ ಒತ್ತಡದ ಬಡಿತಕ್ಕೆ ಒಂದು ಪೊರೆ ಮಿಡಿದು ಪೆಟ್ರೋಲನ್ನು ಎಳೆದು ತರುತ್ತದೆ. ಎಂಜಿನ್ ಎಳೆದುಕೊಂಡಷ್ಟಕ್ಕೆ ಇನ್ನೊಂದು ಪೊರೆ ಒಂದು ಸೂಜಿಯನ್ನು ಎತ್ತಿ ದಾರಿ ಬಿಡುತ್ತದೆ. ಯಾವ ಕಡೆ ಆಕಾಶ, ಯಾವ ಕಡೆ ನೆಲ ಎಂಬುದು ಈ ಯಂತ್ರಕ್ಕೆ ಗೊತ್ತೇ ಇಲ್ಲ.

ಲಾಗ ಹಾಕುವ, ಬೆನ್ನಡಿಯಾಗಿ ಹಾರುವ ವಿಮಾನಕ್ಕೆ ಬೇಕಾದದ್ದೂ ಇದೇ. ಮರ ಬೀಳಿಸುವವನ ಕಷ್ಟಕ್ಕೆ ಹುಡುಕಿದ ಪರಿಹಾರದಲ್ಲಿ ವಿಮಾನದ ಕಷ್ಟಕ್ಕೂ ಉತ್ತರವಿದೆ ಎಂದು ಮೊದಲು ಕಂಡವರಾರೋ, ಅವರ ಕಣ್ಣನ್ನು ‘ಹೇಗೋ’ ಎನ್ನಲಾದೀತೇ?

ಇನ್ನು ಬಿಚ್ಚುವ ಕೆಲಸ. ನೋಡಿದವರಿಗೆ ಇದು ಬರೀ ಕಳಚುವ ಕೆಲಸದಂತೆ ಕಾಣುತ್ತದೆ. ಹಿಡಿ, ಸರಪಣಿ, ಅಲಗು, ಸರಪಣಿಗೆ ಆಯಿಲ್ ಬಿಡುವ ಪಂಪು, ಸರಪಣಿ ನಿಲ್ಲಿಸುವ ಬ್ರೇಕು, ಕ್ಲಚ್ಚು, ಹಗ್ಗ ಎಳೆದು ಚಾಲೂ ಮಾಡುವ ಸ್ಟಾರ್ಟರು, ಫ್ಯಾನಿನ ಹೊದಿಕೆ. ಕಾಕಾರ ಐದು ಕಿಲೋದ ಗರಗಸ ಹೀಗೆ ಬಿಚ್ಚುತ್ತಾ ಎರಡೂವರೆ ಕಿಲೋಗೆ ಇಳಿಯಿತಂತೆ. ಕ್ಲಚ್ ಕಳಚುವಲ್ಲೇ ಮೊದಲ ಪರೀಕ್ಷೆ. ಅದರ ಮರೆ ಉಲ್ಟಾ ಇರುತ್ತದೆ. ನಾವು ಸಡಿಲಿಸುತ್ತಿದ್ದೇವೆ ಎಂದುಕೊಂಡು ತಿರುಗಿಸಿದಷ್ಟೂ ಬಿಗಿಯಾಗುತ್ತದೆ.

ನಿಜವಾದ ತೊಡಕು ಬೇರೆ. ಗರಗಸದ ಒಂದೊಂದು ಭಾಗವೂ ಹೆಸರಿನಲ್ಲಿ ಹೇಳದ ಇನ್ನೊಂದು ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ. ಕಳಚಿದ ಮೇಲೆ ಅದು ಗೊತ್ತಾಗುತ್ತದೆ. ಫ್ಲೈವೀಲ್ ತೆಗೆದುಕೊಳ್ಳಿ. ಅದರಲ್ಲಿ ಹುದುಗಿಸಿದ ಅಯಸ್ಕಾಂತ ಪಕ್ಕದ ಕಾಯಿಲಿನ ಮುಂದೆ ಹಾದಾಗ ಕಿಡಿ ಹುಟ್ಟುತ್ತದೆ. ಅದರ ಮೈಮೇಲಿನ ರೆಕ್ಕೆಗಳು ಸಿಲಿಂಡರಿನ ಮೇಲೆ ಗಾಳಿ ಬೀಸಿ ತಂಪು ಮಾಡುತ್ತವೆ. ಅದರ ತೂಕ ಎಂಜಿನ್ನು ನಿಧಾನಕ್ಕೆ ಓಡುವಾಗ ನಿಂತುಹೋಗದಂತೆ ಕಾಯುತ್ತದೆ. ಭಾರವೆಂದು ರೆಕ್ಕೆ ಕಡೆದು ಹಾಕಿದರೆ ಮತ್ತೆ ಸಮತೂಕ ನೋಡಬೇಕು, ಇಲ್ಲವಾದರೆ ನಡುಕ. ತಂಪು ಮಾಡುವ ಕೆಲಸವನ್ನು ಪ್ರೊಪೆಲ್ಲರಿನ ಗಾಳಿಗೆ ಒಪ್ಪಿಸಬಹುದು ನಿಜ. ಆದರೆ ಎಂಜಿನ್ ವಿಮಾನದ ಮೂತಿಯ ಹೊದಿಕೆಯೊಳಗೆ ಅಡಗಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ನುಸುಳಿ ಹೋಗುತ್ತದೆ. ಸಿಲಿಂಡರಿನ ಸಂದುಗಳಲ್ಲೇ ಹಾಯುವಂತೆ ತಡೆ ಕಟ್ಟಬೇಕು. ಒಳಬರುವ ಕಿಂಡಿಗಿಂತ ಹೊರಹೋಗುವ ಕಿಂಡಿ ದೊಡ್ಡದಿರಬೇಕು.

ಪ್ರೊಪೆಲ್ಲರನ್ನು ಯಾವ ಬದಿಗೆ ಕೂರಿಸುವುದು ಎಂಬುದಕ್ಕೂ ಲೆಕ್ಕವಿದೆ. ಗರಗಸದಲ್ಲಿ ಸರಪಣಿ ಅಲಗಿನ ಮೇಲ್ಬದಿಯಲ್ಲಿ ಮುಂದಕ್ಕೆ ಓಡಬೇಕು. ಆದ್ದರಿಂದ ಕ್ಲಚ್ಚಿನ ಬದಿಯಿಂದ ನೋಡಿದರೆ ಎಂಜಿನ್ನು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಫ್ಲೈವೀಲಿನ ಬದಿಯಿಂದ ನೋಡಿದರೆ ಅದಕ್ಕೆ ವಿರುದ್ಧ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ರೊಪೆಲ್ಲರನ್ನು ಎದುರಿನಿಂದ ನೋಡಿದಾಗ ಅದು ಸುತ್ತಬೇಕಾದದ್ದು ಗಡಿಯಾರಕ್ಕೆ ವಿರುದ್ಧವಾಗಿ. ಹಾಗಾಗಿ ಫ್ಲೈವೀಲಿನ ಬದಿಯೇ ಅನುಕೂಲ. ಮೇಲಾಗಿ ಗರಗಸದ ಸರಪಣಿ ಶಾಫ್ಟನ್ನು ಅಡ್ಡಕ್ಕೆ ಎಳೆಯುತ್ತದೆ, ಪ್ರೊಪೆಲ್ಲರು ಉದ್ದಕ್ಕೆ, ತನ್ನ ಕಡೆಗೆ ಎಳೆಯುತ್ತದೆ. ಆ ಎಳೆತಕ್ಕೆ ಶಾಫ್ಟು ಜರುಗದಂತೆ ಬೇರಿಂಗು ಹಿಡಿದಿದೆಯೇ ಎಂದು ನೋಡದೆ ಮುಂದೆ ಹೋಗುವಂತಿಲ್ಲ.

ಕಾಕಾರ ಬಲಗೈಯ ಎರಡು ಬೆರಳುಗಳ ಮೇಲೆ ಅಡ್ಡಕ್ಕೆ ಒಂದು ಬಿಳಿಯ ಗೆರೆಯಿದೆ. ಅದು ಸ್ಟಾರ್ಟರಿನ ಕಥೆ. ಗರಗಸದಲ್ಲಿ ಕಿಡಿ ಹಾರುವುದು ಪಿಸ್ಟನ್ ತುದಿ ಮುಟ್ಟುವುದಕ್ಕೆ ಇಪ್ಪತ್ತೈದು-ಮೂವತ್ತು ಡಿಗ್ರಿ ಮೊದಲೇ. ಎಂಜಿನ್ ವೇಗವಾಗಿ ಓಡುವಾಗ ಅದು ಸರಿಯಾದ ಹೊತ್ತು. ಕೈಯಿಂದ ಪ್ರೊಪೆಲ್ಲರನ್ನು ನಿಧಾನಕ್ಕೆ ತಿರುಗಿಸಿದಾಗ ಮಾತ್ರ ಪಿಸ್ಟನ್ ಮೇಲೆ ಹೋಗುವ ಮೊದಲೇ ಇಂಧನ ಉರಿದು ಅದನ್ನು ಹಿಂದಕ್ಕೆ ದೂಡುತ್ತದೆ. ಬುಲೆಟ್‌ನ ಕಿಕ್ಕರ್ ಕಾಲಿಗೆ ರಿವರ್ಸ್ ಹೊಡೆಯುವುದು ಗೊತ್ತಿದ್ದವರಿಗೆ ಇದೂ ಗೊತ್ತು. “ಲಾಥ್ ಮಾರ್ಲೀ” ಎಂದರು ಕಾಕಾ, ಒದೆಯಿತು ಎಂದು. ಮರಾಠಿಯಲ್ಲೂ ಒದೆಯೇ! ಭಾಷಾವಿಜ್ಞಾನ ಓದಿದವಳಿಗೆ ಗಾಯ ನೋಡುವಾಗಲೂ ಇಂಥದ್ದಕ್ಕೆ ಖುಷಿಯಾಗುತ್ತದೆ, ಏನು ಮಾಡಲಿ. ಅವರು ಕಳಚಿ ಹಾಕಿದ ಹಗ್ಗದ ಸ್ಟಾರ್ಟರು ಎಂಜಿನ್ನನ್ನು ಸುತ್ತಿಸುವುದರ ಜೊತೆಗೆ ಕೈಯನ್ನು ಒಂದು ಮೊಳ ದೂರ ಇಡುವ ಕೆಲಸವನ್ನೂ ಮಾಡುತ್ತಿತ್ತು. ಆಮೇಲೆ ಅವರು ಬ್ಯಾಟರಿಯ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರು. ನಿಧಾನವಾಗಿ ಸುತ್ತುವಾಗ ಅದು ಕಿಡಿಯನ್ನೂ ತಡವಾಗಿ ಕೊಡುತ್ತದೆ.

22 ಅಂಗುಲದ ಪ್ರೊಪೆಲ್ಲರು ನಿಮಿಷಕ್ಕೆ 7000 ಸುತ್ತು ಸುತ್ತಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 735 ಕಿಲೋಮೀಟರ್. ಗುಣಾಕಾರ ನಾನೇ ಮಾಡಿ ನೋಡಿದೆ, ಎರಡು ಸಲ. ಅದರ ಹಿಂದೆ ನಿಂತು ಕಾರ್ಬ್ಯುರೇಟರಿನ ಸೂಜಿ ತಿರುಗಿಸಿ ಸರಿಮಾಡುವವನಿಗೂ, ವಿಮಾನ ಇಳಿಯುವ ದಿಕ್ಕಿನಲ್ಲಿ ನಿಂತ ಮಗುವಿಗೂ ಈ ಸಂಖ್ಯೆಯೊಂದಿಗೆ ಸಂಬಂಧವಿದೆ. ಗರಗಸದಲ್ಲಿ ಎಂಜಿನ್ ನಿಲ್ಲಿಸುವ ಸ್ವಿಚ್ಚು ಹೆಬ್ಬೆರಳ ಕೆಳಗೇ ಇರುತ್ತದೆ. ಇನ್ನೂರು ಮೀಟರ್ ದೂರದಲ್ಲಿ ಹಾರುತ್ತಿರುವುದನ್ನು ನಿಲ್ಲಿಸಲು ರೇಡಿಯೋದ ಮೂಲಕ ಕೆಲಸ ಮಾಡುವ ಬೇರೆ ಸ್ವಿಚ್ಚು ಬೇಕು. ಆ ರೇಡಿಯೋಗೆ ಎಂಜಿನ್ನಿನ ಕಿಡಿಯೇ ಶತ್ರು, ಅದೂ ಒಂದು ಬಗೆಯ ರೇಡಿಯೋ ಅಲೆಯಲ್ಲವೇ. ಅದಕ್ಕೆ ಪ್ಲಗ್ಗಿನ ತಂತಿಗೆ ಲೋಹದ ಕವಚ, ಥ್ರಾಟಲಿಗೆ ಲೋಹದ ಕಡ್ಡಿಯ ಬದಲು ನೈಲಾನ್ ಕಡ್ಡಿ, ರಿಸೀವರಿಗೂ ಇಗ್ನಿಷನ್ನಿಗೂ ಬೇರೆ ಬೇರೆ ಬ್ಯಾಟರಿ, ಎರಡರ ನಡುವೆ ಸಾಧ್ಯವಾದಷ್ಟು ದೂರ. ಕಳಚುವುದರಿಂದ ಶುರುವಾದ ಕೆಲಸ ಹೊಸದನ್ನು ಸೇರಿಸುತ್ತಾ ಬೆಳೆಯಿತು, ನೋಡಿ.

ಇದಕ್ಕೆ ದೊಡ್ಡ ವಂಶವೃಕ್ಷವೂ ಇದೆ. ಅಮೆರಿಕದಲ್ಲಿ ಗರಗಸಕ್ಕೆ ಹೆಸರಾದ ಮೆಕಲಾಕ್ ಕಂಪನಿ ಸೇನೆಯ ಗುರಿ ಅಭ್ಯಾಸದ ಡ್ರೋನುಗಳಿಗೂ ಎಂಜಿನ್ ಮಾಡಿಕೊಟ್ಟಿತ್ತು. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಹಾಕಿ ಮೊದಲ ಗೋ-ಕಾರ್ಟ್ ಕಟ್ಟಿದ ಮೇಲೆ ಗರಗಸದ ಎಂಜಿನ್ನುಗಳೂ ಕಾರ್ಟಿಗೆ ಇಳಿದವು. (ಇದೇ ಮೆಕಲಾಕ್ ಮಹಾಶಯ 1968ರಲ್ಲಿ ಲಂಡನ್ ಸೇತುವೆಯನ್ನೇ ಕೊಂಡು, ಕಲ್ಲು ಕಲ್ಲಿಗೂ ನಂಬರು ಹಾಕಿ ಅರಿಜೋನಾಗೆ ಸಾಗಿಸಿದ. ಹೊರಗೆ ಲಂಡನ್ನಿನ ಕಲ್ಲು, ಒಳಗೆ ಹೊಸ ಕಾಂಕ್ರೀಟು. ಎಷ್ಟೋ ಅನುವಾದಗಳು ನನಗೆ ನೆನಪಾಗುತ್ತವೆ.) ಫ್ರಾನ್ಸಿನ ಮಿಶೆಲ್ ಕೊಲೊಂಬಾನ್ ಇನ್ನೂ ಮುಂದೆ ಹೋದರು. 1973ರಲ್ಲಿ ಹಾರಿದ ಅವರ ಕ್ರಿ-ಕ್ರಿ ವಿಮಾನ ಮಾಡೆಲ್ ಅಲ್ಲ, ಅದರೊಳಗೆ ಮನುಷ್ಯ ಕೂತಿದ್ದ. ಐದು ಮೀಟರಿಗೂ ಕಡಿಮೆ ರೆಕ್ಕೆ, ಎಳೆಯಲು ಒಂಬತ್ತು ಅಶ್ವಶಕ್ತಿಯ ಎರಡು ಗರಗಸದ ಎಂಜಿನ್ನು. ಜಪಾನಿನ ಜೆನೋವಾ ಕಂಪನಿಯಂತೂ ಗರಗಸ, ಕಳೆ ಕೊಚ್ಚುವ ಯಂತ್ರಗಳ ಜೊತೆಗೆ ಮಾಡೆಲ್ ವಿಮಾನಕ್ಕೆಂದೇ ಎಂಜಿನ್ ಮಾರತೊಡಗಿತು. ಅದರ 62 ಸಿಸಿಯ ಎಂಜಿನ್ನನ್ನು ಹಳೆಯ ಹವ್ಯಾಸಿಗಳು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡವರು ಮೊದಲು ನಡೆದರು, ಕಾರ್ಖಾನೆ ಆಮೇಲೆ ಅವರ ಹಿಂದೆ ಬಂತು.

ಈಗ ನಮ್ಮ ಜುಗಾಡಿಗೆ ಬರೋಣ. ಬಂಟ್ವಾಳದ ಕಡೆಯ ಕೃಷಿಕರೊಬ್ಬರು ಪುಟ್ಟ ಪೆಟ್ರೋಲ್ ಎಂಜಿನ್ ಕೂರಿಸಿ ಮಾಡಿದ, ಅಡಿಕೆ ಮರ ಏರುವ ಬೈಕಿನ ವಿಡಿಯೋ 2019ರಲ್ಲಿ ದೇಶವಿಡೀ ಓಡಾಡಿತು. ನನ್ನ ಪುಣೆಯ ಗೆಳತಿಯರೂ ಕಳಿಸಿದರು, ಜೊತೆಗೆ ‘ವಾಹ್ ಜುಗಾಡ್’ ಎಂಬ ಒಕ್ಕಣೆ. ನೆಟ್ಟಗಿನ ಮರವನ್ನು ಮನುಷ್ಯನ ಭಾರದ ಸಮೇತ ಅದು ಹೇಗೆ ಹಿಡಿದುಕೊಳ್ಳುತ್ತದೆ, ಎಂಜಿನ್ ನಿಂತರೆ ಜಾರದೆ ಹೇಗೆ ಉಳಿಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಆ ಪ್ರಶ್ನೆ ಕೇಳಿದ್ದರೆ ತಾನೇ ಮಾಡಿದವರ ತಲೆ ಎಷ್ಟು ಓಡಿದೆ ಎಂದು ಗೊತ್ತಾಗುವುದು? ಇನ್ನೊಂದು ಕಡೆ, ಸೈಲೆನ್ಸರಿನೊಳಗಿನ ತಡೆ ಕಿತ್ತುಹಾಕಿದ ಬೈಕೂ ಜುಗಾಡ್, ಬೆಲ್ಟ್ ಮೇಲಿನ ರಕ್ಷಣೆಯ ಜಾಲರಿ ತೆಗೆದ ಹಿಟ್ಟಿನ ಗಿರಣಿಯೂ ಜುಗಾಡ್. ಕಳಚಿದ ಭಾಗ ಏನು ಮಾಡುತ್ತಿತ್ತು ಎಂದು ತಿಳಿದು ಕಳಚಿದವರಿಗೂ, ಅಡ್ಡ ಬಂತೆಂದು ಕಿತ್ತು ಎಸೆದವರಿಗೂ ನಮ್ಮಲ್ಲಿ ಒಂದೇ ಬಿರುದು.

ಕನ್ನಡದಲ್ಲಿ ಇವೆರಡಕ್ಕೂ ಬೇರೆ ಮಾತುಗಳಿವೆ. ಎರಡನೆಯದು ತೇಪೆ. ಮೊದಲನೆಯದಕ್ಕೆ ನಾನು ‘ಒಗ್ಗಿಸುವುದು’ ಎನ್ನುತ್ತೇನೆ. ಹೊಸ ಊರಿನ ನೀರು ಮೈಗೆ ಒಗ್ಗಬೇಕು ಎನ್ನುತ್ತೇವಲ್ಲ, ಆ ಒಗ್ಗು. ಅದರಲ್ಲಿ ಸಮಯವಿದೆ, ಎರಡೂ ಕಡೆಯ ಹೊಂದಾಣಿಕೆಯಿದೆ, ಒಗ್ಗದೆ ಹೋಗಬಹುದು ಎಂಬ ಅಳುಕೂ ಇದೆ.

ಹಾಗೆಂದು ಎಲ್ಲರೂ ಗರಗಸ ಬಿಚ್ಚಲು ಕೂರಿ ಎಂದು ನಾನು ಹೇಳುತ್ತಿಲ್ಲ. ಹಣ ಉಳಿಸಲು ಈ ಕೆಲಸ ಮಾಡುವ ಕಾಲ ಮುಗಿದಿದೆ. ಮಾಡೆಲ್ ವಿಮಾನಕ್ಕೆಂದೇ ತಯಾರಾದ ಚೀನಾದ ಪೆಟ್ರೋಲ್ ಎಂಜಿನ್ನುಗಳು ಬಂದು ಎಷ್ಟೋ ಕಾಲವಾಯಿತು. ಅವು ಹಗುರ, ಇಗ್ನಿಷನ್ ಜೊತೆಗೇ ಬರುತ್ತದೆ, ಲೇತ್ ಬೇಕಿಲ್ಲ. ಕಾಕಾರ ಮೊಮ್ಮಗ ಹಾರಿಸುವುದು ಬ್ಯಾಟರಿಯ ವಿಮಾನ. ಹೊಸಬರು ಯಾರಾದರೂ ಬಂದು ಕೇಳಿದರೆ ಕಾಕಾರೇ ರೆಡಿಮೇಡ್ ಕೊಳ್ಳಿ ಎನ್ನುತ್ತಾರೆ. ನಾನೂ ಒಪ್ಪುತ್ತೇನೆ, ಬೆರಳು ಮುಖ್ಯ. ಆದರೆ ಆ ರೆಡಿಮೇಡ್ ಎಂಜಿನ್ನಿನ ಹಿಂಭಾಗದಲ್ಲಿ ಕೂತಿರುವುದು ಅದೇ ಡಯಾಫ್ರಾಮ್ ಕಾರ್ಬ್ಯುರೇಟರ್. ಒಗ್ಗಿಸಿದವರು ಕಲಿತ ಪಾಠವೇ ಎರಕಕ್ಕೆ ಇಳಿದು ಬಂದಿದೆ.

ಇನ್ನು ನನ್ನ ಕೈಪಿಡಿ. ನಲವತ್ತೆಂಟು ಪುಟವನ್ನೂ ಮುಗಿಸಿ ಕಳಿಸಿದ ಮೇಲೆ ಏಜೆನ್ಸಿಯಿಂದ ಮೇಲ್ ಬಂತು. ಸುರಕ್ಷತೆಯ ಹದಿನಾಲ್ಕು ಪುಟ ಬೇಡವಂತೆ. ರೈತರು ಓದುವುದಿಲ್ಲ, ಚಿತ್ರಗಳು ಸಾಕು, ಪದದ ಲೆಕ್ಕದಲ್ಲಿ ಉಳಿತಾಯ. ಮಿಷನ್ ಒದೆಯುವುದರ ಬಗ್ಗೆ, ಒದ್ದಾಗ ಮುಂಗೈ ತಾಗಿ ಸರಪಣಿ ನಿಲ್ಲಿಸುವ ಬ್ರೇಕಿನ ಬಗ್ಗೆ ಇದ್ದದ್ದು ಆ ಹದಿನಾಲ್ಕರಲ್ಲೇ. ಅದೊಂದು ಪುಟವಾದರೂ ಇರಲಿ ಎಂದು ಮೂರು ಮೇಲ್ ಬರೆದೆ. ಮೂರನೆಯದಕ್ಕೆ ಉತ್ತರ ಬರಲಿಲ್ಲ. ಮೂವತ್ತನಾಲ್ಕು ಪುಟದ ದುಡ್ಡು ಬಂತು.

ಉಳಿದ ಹದಿನಾಲ್ಕನ್ನು ಚಿಕ್ಕಪ್ಪನ ಮಗನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. ಪ್ರಿಂಟ್ ತೆಗೆಸಿ, ಮರಗಸಿ ಮಾಡುವವರ ಜೊತೆ ಕೂತು ಓದಿದನಂತೆ. ಹಿಡಿಯ ಮುಂದಿನ ಆ ಪ್ಲಾಸ್ಟಿಕ್ ಗಾರ್ಡು ಬ್ರೇಕಿನದ್ದು ಎಂದು ಅವನಿಗೂ ಗೊತ್ತಿರಲಿಲ್ಲವಂತೆ. “ನಮ್ಮ ಹಳೇ ಮಿಷನ್‌ದು ಅಡ್ಡ ಬರ್ತದೆ ಅಂತ ಹೋದ ವರ್ಷನೇ ಬಿಚ್ಚಿ ಬಿಸಾಕಿದಾರೆ. ಕೊಪ್ಪದಲ್ಲಿ ಸ್ಪೇರ್ ಇಲ್ಲ, ಚಿಕ್ಕಮಗಳೂರಿಂದ ಬರ್ಬೇಕಂತೆ, ಎರಡು ವಾರ ಅಂದ್ರು. ಅಲ್ಲೀವರೆಗೆ ಅದನ್ನ ಮುಟ್ಟಬೇಡಿ ಅಂದಿದೀನಿ” ಅಂದ. ಆಮೇಲೆ ಕೇಳಿದ: “ಇನ್ನೂ ಏನಾದ್ರೂ ಪುಟ ಬಿಟ್ಟಿದಾರಾ?”